ಚಿನಕುರಳಿಯ ತಲೆಯ ವಿಚಾರ

ಭಾನುವಾರ, ಬೆಳಗ್ಗೆ

ಮಗಳೇ,

ನಿನ್ನ ಕಾಗದ ತಲುಪಿತು. ನಿನ್ನ ಕಚೇರಿಯವರು ನಿನಗೆ ಮಾಡಿಸಿದ ಬುದ್ಧಿ ಚುರುಕು ಮಾಡುವ ಚಿಕಿತ್ಸೆಯನ್ನು ಚಿನಕುರಳಿಗೂ ಕೊಡಿಸಲೇ ಎಂದು ಕೇಳಿದ್ದೀಯ. ಹತ್ತು ತುಂಬುವುದರೊಳಗಾದರೆ ಚೆನ್ನಾಗಿ ಹಿಡಿಯುತ್ತದೆ, ಮಗು ಗಣಿತದಲ್ಲಿ ಹಿಂದಿದೆ, ಅಮ್ಮಾ, ನೀನು ಬೇಡವೆಂದರೆ ಬಿಡುತ್ತೇನೆ ಎಂದೂ ಬರೆದಿದ್ದೀಯ. ಊರಿನ ರೈಲುಗಳೆಲ್ಲ ಯಾವಾಗ ಹೊರಡಬೇಕೆಂದು ಗೊತ್ತುಮಾಡುವವಳು ನೀನು. ಪರದೆ ಹೊಲಿಯುವ ನನ್ನನ್ನು ಕೇಳಿದೆಯಲ್ಲ, ಸಂತೋಷ. ಕೇಳಿದ ಮೇಲೆ ಉತ್ತರವನ್ನು ಪೂರ್ತಿ ಓದು.

ಬೇಡ.

ರಜೆಯಲ್ಲಿ ಅವಳು ನನ್ನ ಅಂಗಡಿಯಲ್ಲೇ ಇದ್ದಳಷ್ಟೆ. ಒಂದು ದಿನ ಪರದೆಗೆ ಕೊಕ್ಕೆ ಸಿಕ್ಕಿಸುತ್ತಾ ಕೂತವಳು, “ಅಜ್ಜೀ, ಪರದೆಗೆ ಒಳಗಡೆ ಯಾವುದು, ಹೊರಗಡೆ ಯಾವುದು?” ಅಂದಳು. ನನಗೆ ಕೈತುಂಬ ಕೆಲಸ. ನೀನೇ ಯೋಚಿಸು ಅಂದೆ. ಮಧ್ಯಾಹ್ನವೆಲ್ಲ ಯೋಚಿಸಿದಳು. ಕೊಕ್ಕೆಗಳಷ್ಟೂ ತಲೆಕೆಳಗಾದವು. ನಮ್ಮ ಹೊಲಿಗೆಯವಳು, “ಏನಮ್ಮಾ, ನಿದ್ದೆಗಣ್ಣಲ್ಲಿ ಸಿಕ್ಕಿಸಿದೆಯಾ?” ಎಂದು ಕಿಚಾಯಿಸಿದಳು. ಸಂಜೆ ಅಂಗಡಿಯ ಬಾಗಿಲು ಹಾಕುವಾಗ ಓಡಿಬಂದು, “ಅದು ಪರದೆಗೇ ಗೊತ್ತಿಲ್ಲ ಅಜ್ಜೀ! ಯಾರು ನೋಡ್ತಿದ್ದಾರೋ ಅವರನ್ನ ಕೇಳ್ಬೇಕು” ಅಂದಳು. ಆಗ ಅವಳ ಮುಖ ನೀನು ನೋಡಬೇಕಿತ್ತು. ಅದೇ ಉತ್ತರ ನಿನಗೆ ರೆಪ್ಪೆ ಬಡಿಯುವಷ್ಟರಲ್ಲಿ ಹೊಳೆದೀತು. ಆ ಮುಖ ಬಂದೀತೇ?

ಇನ್ನು ನೀನು ಬರೆಯದೇ ಬಿಟ್ಟದ್ದು. ಗಣಿತ ಬರೀ ನೆಪ. ಚಿಕಿತ್ಸೆಯಾಗಿ ಮೊದಲ ಸಲ ಮನೆಗೆ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ನೀನು ಉತ್ತರ ಕೊಡುತ್ತಿದ್ದೆ. ದೊಡ್ಡವರ ಮಾತು ಮುಗಿಯುವ ತನಕ ಕಾಯುವುದನ್ನು ಕಲಿ ಎಂದು ನಾನು ಗದರಿದೆ. ಮುಂದಿನ ಸಲದಿಂದ ನೀನು ಕಾಯತೊಡಗಿದೆ, ಬಾರದ ಬಸ್ಸಿಗೆ ಕಾಯುವವರ ಹಾಗೆ. ಅದು ಇನ್ನೂ ಕಷ್ಟವಾಯಿತು. ಯಾರಿಗೆ ಎಂದು ಕೇಳಬೇಡ.

ಅಳಿಯನಿಗೆ ಫೋನು ಮಾಡಿದ್ದೆ. “ಅವಳ ಎದುರು ಊಟಕ್ಕೆ ಕೂತ್ರೆ ಪರೀಕ್ಷೆಗೆ ಕೂತ ಹಾಗಾಗುತ್ತೆ ಅತ್ತೆ. ಅವಳೇನೂ ಅನ್ನಲ್ಲ, ಪಾಪ” ಅಂದ. ನಿನ್ನ ಮಾತಿಗೆ ಸರಿಸಮನಾಗಿ ಮಾತಾಡುವವರು ಆ ಮನೆಯಲ್ಲಿ ಯಾರೂ ಇಲ್ಲ. ಅದಕ್ಕೇ ಮಗಳನ್ನು ನಿನ್ನ ಪಕ್ಕಕ್ಕೆ ಎಳೆದುಕೊಳ್ಳಲು ಹೊರಟಿದ್ದೀಯ. ಅದನ್ನು ತಪ್ಪೆನ್ನಲಾರೆ. ಆದರೆ ನಿನಗೆ ಜೊತೆ ಬೇಕೆಂದು ಆ ಮಗುವಿನ ತಲೆಗೆ ಕೈ ಹಾಕಬೇಡ. ದೊಡ್ಡವಳಾಗಿ ಅವಳೇ ಕೇಳಿದರೆ ನಾನು ಅಡ್ಡ ಬರುವುದಿಲ್ಲ.

ಅಡುಗೆಮನೆಯ ನಲ್ಲಿ ಸರಿಯಾಯಿತು. ನೀನು ಬಡವಾಗಿದ್ದೀಯಂತೆ. ಎಷ್ಟು ಬುದ್ಧಿ ಬಂದರೂ ಹೊಟ್ಟೆ ಎಲ್ಲರಿಗೂ ಇರುವಂಥದ್ದೇ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ಅಮ್ಮ

ಇನ್ನೊಂದು ಮಾತು: ಮೊನ್ನೆ ನಿನ್ನ ಆ ವೈದ್ಯರ ಹತ್ತಿರ ಹೋಗಿ, ಚಿಕಿತ್ಸೆಯನ್ನು ನನಗೇ ಕೊಡಿ ಅಂದೆ. “ಈ ವಯಸ್ಸಲ್ಲಿ ಹಿಡಿಯೋದು ಅನುಮಾನ ಅಮ್ಮ” ಅಂದರು. ನಾನು ಹೈಸ್ಕೂಲು ಪಾಸಾಗುವುದೂ ಅನುಮಾನ ಅಂತಲೇ ನಮ್ಮ ಮೇಷ್ಟ್ರು ಹೇಳಿದ್ದು ಅಂದೆ. ನಕ್ಕು, ಗುರುವಾರ ಬರಲು ಹೇಳಿದ್ದಾರೆ. ಹಿಡಿದರೆ ನಿನಗೆ ಮಾತಿಗೊಬ್ಬಳು ಸಿಕ್ಕ ಹಾಗಾಯಿತು. ನನಗೆ ಹೆದರಿಕೆಯೇನೂ ಇಲ್ಲ. ಆದರೂ ಜೊತೆಗೆ ಮನೆಯವರೊಬ್ಬರು ಇರಲೇಬೇಕಂತೆ, ಅದು ಅವರ ನಿಯಮ. ನೀನು ಬಾ.