ಖಾಲಿ ಅಂದುಕೊಂಡ ಡಿಸ್ಕ್

ನವೆಂಬರ್ ೧೮, ಮಂಗಳವಾರ

ಊಟ ಮಾಡಿದೆ, ರುಚಿ ಗೊತ್ತಾಗಲಿಲ್ಲ.

ಆಸ್ಪತ್ರೆಯ ಹೊಸ ಸರ್ವರ್‌ಗೆ ಎಲ್ಲ ಡಿಸ್ಕ್‌ಗಳಿರುವ ಸ್ಟೋರೇಜ್‌ನಿಂದ ಒಂದು ಖಾಲಿ ಡಿಸ್ಕನ್ನು ನನ್ನ ಕಂಪ್ಯೂಟರಿನಿಂದಲೇ ಜೋಡಿಸಿಕೊಡುವುದಷ್ಟೇ ಇವತ್ತಿನ ಕೆಲಸ. ಎಷ್ಟು ಸಲ ಮಾಡಿಲ್ಲ! ಜೋಡಿಸಿದೆ. ಸರ್ವರ್ ನೋಡಿಕೊಳ್ಳುವವರು ಕೆಳಮಹಡಿಯಿಂದ ಫೋನ್ ಮಾಡಿ, "ಡಿಸ್ಕ್ ಬಂತು ಮೇಡಂ. ಖಾಲಿ ತಾನೆ? ಫಾರ್ಮ್ಯಾಟ್ ಮಾಡ್ಲಾ?" ಅಂದರು. ಪರದೆಯ ಕಡೆ ಕಣ್ಣೂ ಹಾಯಿಸದೆ "ಹ್ಞೂಂ, ಮಾಡಿ ಮಾಡಿ" ಅಂದುಬಿಟ್ಟೆ.

ಫೋನ್ ಇಟ್ಟ ಮೇಲೆ ನೋಡುತ್ತೇನೆ, ಕೊಟ್ಟಿದ್ದು ಪರದೆಯ ಪಟ್ಟಿಯಲ್ಲಿ ಪಕ್ಕದ ಸಾಲಿನ ಡಿಸ್ಕು! ಅಳತೆ ಒಂದೇ, ಹೆಸರಲ್ಲಿ ಒಂದೇ ಅಂಕಿ ವ್ಯತ್ಯಾಸ. ಅದರ ತುಂಬ ರೋಗಿಗಳ ಸ್ಕ್ಯಾನ್ ಚಿತ್ರಗಳು. ಫಾರ್ಮ್ಯಾಟ್ ಮಾಡಿದರೆ ಎಲ್ಲ ಅಳಿಸಿಹೋಗುತ್ತವೆ. ಫೋನ್ ಮಾಡಿದರೆ ಎಂಗೇಜ್. ಮತ್ತೆ ಎಂಗೇಜ್. ಎದ್ದು ಓಡಿದೆ. ಕೂತಲ್ಲೇ ಡಿಸ್ಕ್ ಬಿಡಿಸಬಹುದಿತ್ತೆಂದು ಹೊಳೆದದ್ದು ಅರ್ಧ ಮೆಟ್ಟಿಲಿಳಿದ ಮೇಲೆ.

ಅವರು ಫೋನ್ ಕಿವಿಗಿಟ್ಟುಕೊಂಡೇ ಕೂತಿದ್ದರು. "ನಿಮಗೇ ಮಾಡ್ತಿದ್ದೆ ಮೇಡಂ. ಖಾಲಿ ಅಂದ್ರಿ, ಇದ್ರಲ್ಲಿ ಏನೋ ಇರೋ ಹಾಗಿದೆಯಲ್ಲ?"

ಫಾರ್ಮ್ಯಾಟ್ ಒತ್ತಿರಲಿಲ್ಲ! ತಕ್ಷಣ ಅದನ್ನು ಬಿಡಿಸಿ ಸರಿಯಾದದ್ದು ಕೊಟ್ಟೆ. ಸ್ಕ್ಯಾನ್ ವಿಭಾಗದವರಿಂದ ಹಳೆಯ ಚಿತ್ರಗಳನ್ನು ತೆರೆಸಿದೆ. ಎಲ್ಲ ಇವೆ.

"ನಾನು ಯಾರಿಗೂ ಹೇಳಲ್ಲ, ಬಿಡಿ" ಅಂದರು. ಒಳ್ಳೆಯ ಮನುಷ್ಯ. ಆ ಮಾತೇ ಈಗ ಚುಚ್ಚುತ್ತಿದೆ. ನಮ್ಮ ಮನೆಯವರಂತೂ "ಏನೂ ಆಗಿಲ್ವಲ್ಲ, ಮಲ್ಕೊ" ಎಂದು ಹೇಳಿ ಗೊರಕೆ ಹೊಡೆಯುತ್ತಿದ್ದಾರೆ. ಆಗಲಿಲ್ಲ, ನಿಜ. ಆದರೆ ಅದು ಕೆಳಮಹಡಿಯವರು ಅನುಮಾನಪಟ್ಟದ್ದರಿಂದ, ನನ್ನಿಂದಲ್ಲ.

ನಾಳೆ ಮ್ಯಾನೇಜರಿಗೆ ನಾನೇ ಹೇಳಬೇಕು. ಹೇಗೆ ಶುರು ಮಾಡಲಿ? "ಸರ್, ಏನೂ ಆಗಿಲ್ಲ, ಆದ್ರೆ" ಅಂತಲೇ? ಆ "ಆದ್ರೆ" ದಾಟಿದ ಮೇಲೆ ಹೇಳಬೇಕಾದ್ದು ಇಷ್ಟೇ: ನೋಡದೆ "ಮಾಡಿ" ಅಂದದ್ದು ನಾನು.