ಪ್ಲಿಮತ್ತಿಗೆ ಹೊಸ ಹೌಸಿಂಗ್

೭ ಫೆಬ್ರವರಿ ೨೦೦೧, ಬುಧವಾರ. ಬೆಳಿಗ್ಗೆ ೬

ಎಂಟು ಸಿಲಿಂಡರ್ ಎಂಜಿನ್ನಿನ ಮರ್ಮ ಬಲ್ಲವನು ಕಾಶಿಯಿಂದ ಕನ್ಯಾಕುಮಾರಿವರೆಗೆ ನಾನೊಬ್ಬನೇ. ಎಪ್ಪತ್ತೆಂಟರಲ್ಲಿ ಅಮೆರಿಕದವರೇ ಸಲಹೆ ಕೇಳಿ ಕಾಗದ ಬರೆದಿದ್ದರು. ಕನ್ನಡದಲ್ಲಿ ಉತ್ತರ ಹಾಕಿದೆ. ತಿಳಿಯಲಿಲ್ಲವೋ ಏನೋ, ಮತ್ತೆ ಬರೆಯಲಿಲ್ಲ. ನಷ್ಟ ಅವರದು.

ಗಾಡಿ ಒರೆಸಿದ್ದಾಯಿತು. ಕಾಫಿ ಇನ್ನೂ ಬಂದಿಲ್ಲ. ಹಿಂದಿನ ಆಕ್ಸಲ್ ನಿನ್ನೆಯೂ ಗೊರಗುಟ್ಟಿತು. ಮೂರನೇ ಗೇರಿಗೆ ಹಾಕಿದರೆ ರಾಗಿ ಬೀಸುವ ಸದ್ದು. ಅರವತ್ತಾರನೇ ಇಸವಿಯ ಪ್ಲಿಮತ್. ಒಳಗಿನ ಹಲ್ಲೆಲ್ಲ ಸವೆದು ಬೋಳಾಗಿವೆ. ಒರಿಜಿನಲ್ ಸಾಮಾನು ಎಲ್ಲಿ ಹುಡುಕಿದರೂ ಇಲ್ಲ.

ಮಾರ್ಚ್ ಮೂರಕ್ಕೆ ವಾಣಿಯನ್ನು ಮದುವೆಯ ಛತ್ರಕ್ಕೆ ಇದೇ ಗಾಡಿಯಲ್ಲಿ ಕರೆದೊಯ್ಯಬೇಕು. ಅಕ್ಕನ ಒಬ್ಬಳೇ ಮಗಳು. ಸೋದರಮಾವ ನಾನು. ಚಾಮರಾಜಪೇಟೆಯ ಐದೂ ಮೇನ್ ರೋಡಿಗೆ ಹೇಳಿಯಾಗಿದೆ. ಭಾವ ದಾಸಪ್ಪ ಸುಮ್ಮನಿರುವ ಜಾತಿಯಲ್ಲ — "ಏನಯ್ಯಾ ನಾರಾಯಣಪ್ಪ, ಹುಡುಗೀನ ಗಾಡೀಲಿ ಕೂರಿಸ್ತೀಯೋ, ತಳ್ಳೋಕೆ ಕರೀತೀಯೋ?"

ತೋರಿಸುತ್ತೇನೆ.

೧೦ ಫೆಬ್ರವರಿ, ಶನಿವಾರ

ಜೆ.ಸಿ. ರಸ್ತೆಯ ಹಳೇ ಗಾಡಿ ಸಾಮಾನಿನ ಅಂಗಡಿಗಳಲ್ಲಿ ಮೂರು ಗಂಟೆ ಅಲೆದೆ. ಸಿಕ್ಕಿತು. ಅಪಘಾತವಾದ ಪಿಕಪ್ ಗಾಡಿಯ ಹೌಸಿಂಗು — ಎರಡು ಹಿಂಚಕ್ರಗಳ ನಡುವಿನ ಇಡೀ ಕಬ್ಬಿಣದ ತೊಲೆ, ಒಳಗಿನ ಹಲ್ಲುಚಕ್ರ ಸಮೇತ. ಎರಡೇ ವರ್ಷದ್ದು. ಅಂಗಡಿಯವನು ಹದಿನೆಂಟು ಸಾವಿರ ಎಂದ. ಹದಿನಾಲ್ಕಕ್ಕೆ ಇಳಿಸಿದೆ. ವಾಣಿಗೆ ನಾಲ್ಕು ಚಿನ್ನದ ಬಳೆ ಮಾಡಿಸಲು ಇಪ್ಪತ್ತೈದು ತೆಗೆದಿಟ್ಟಿದ್ದೆ; ಅದರಿಂದಲೇ ಕೊಟ್ಟೆ. ಮದುವೆಯೊಳಗೆ ಹೇಗಾದರೂ ತುಂಬಿಬಿಡುತ್ತೇನೆ.

ಮನೆಯವಳಿಗೆ ನಾಲ್ಕು ಸಾವಿರ ಎಂದೆ.

"ನಾಲ್ಕು ಸಾವಿರಕ್ಕೆ ಇಷ್ಟು ದಪ್ಪ ಕಬ್ಬಿಣ ಕೊಟ್ರಾ?"

"ನನ್ನ ಮುಖ ನೋಡಿ ಕೊಟ್ರು ಕಣೇ."

"ಮುಖ ನೋಡಿದ್ರೆ ಜಾಸ್ತಿ ಹೇಳ್ತಿದ್ರು."

೧೪ ಫೆಬ್ರವರಿ, ಬುಧವಾರ

ಗಾಡಿ ಮಾವಳ್ಳಿಯಲ್ಲಿ, ಮುರುಗೇಶನ ಗ್ಯಾರೇಜಿನಲ್ಲಿದೆ. ಕೆಲಸಗಾರ ಒಳ್ಳೆಯವನು. ಬಾಯಿ ಮಾತ್ರ ಜಾಸ್ತಿ.

ಹಳೆಯ ಚಕ್ರಕ್ಕೆ ಐದು ತೂತು. ಹೊಸ ಹೌಸಿಂಗಿಗೆ ಆರು ಬೋಲ್ಟು. ಅಂಗಡಿಯಲ್ಲಿ ಎಣಿಸಿ ನೋಡಲಿಲ್ಲ. ಅಳತೆ ಮಾಡಿದ್ದೆ — ಗೇಣಿನಲ್ಲಿ. ಅದೂ ಎರಡು ಬೆರಳು ತಪ್ಪಿದೆ.

"ಟೇಪ್ ಇರ್ಲಿಲ್ವಾ ಅಣ್ಣ?" ಎಂದ.

"ನಮ್ಮಪ್ಪ ಗೇಣಲ್ಲೇ ಬಾವಿ ತೋಡಿಸಿದ್ದು."

"ನೀರು ಬಂತಾ?"

ಹಿಂಬದಿಗೆ ಎರಡು ಹೊಸ ಚಕ್ರ ತರಬೇಕು. ಎಂಜಿನ್ನಿನಿಂದ ಹಿಂಚಕ್ರದ ಕಡೆಗೆ ಬರುವ ಜಾಯಿಂಟ್ ಶಾಫ್ಟನ್ನು ಲೇತಿನವನ ಹತ್ತಿರ ಕತ್ತರಿಸಿ ಗಿಡ್ಡ ಮಾಡಿಸಬೇಕು. ನಾಲ್ಕು ಬಳೆ ಯಾಕೆ, ಎರಡು ಸಾಕು. ಈಗಿನ ಹುಡುಗಿಯರು ಎಲ್ಲಿ ನಾಲ್ಕು ಹಾಕುತ್ತಾರೆ…

೨೧ ಫೆಬ್ರವರಿ, ಬುಧವಾರ

ತಲೆ ಸಿಡಿಯುತ್ತಿದೆ. ಏಳು ದಿನದಿಂದ ಗಾಡಿ ಕಲ್ಲಿನ ಮೇಲೆ ಕೂತಿದೆ.

ಹೌಸಿಂಗಿಗೆ ಮುಂದಕ್ಕೆ ಚಾಚಿದ ಒಂದು ಮೂಗಿದೆ. ಎಂಜಿನ್ನಿನ ಕಡೆಯಿಂದ ಬರುವ ಶಾಫ್ಟು ಅದಕ್ಕೇ ಕೂಡಬೇಕು. ಹಳೆಯದರ ಮೂಗು ಬಲಕ್ಕಿತ್ತು. ಹೊಸದರದು ಎಡಕ್ಕೆ. ಶಾಫ್ಟು ನೆಲದ ತಗಡಿಗೆ ತಾಗುತ್ತದೆ.

ನನಗೆ ಥಟ್ಟನೆ ಹೊಳೆಯಿತು. ಬುಡಮೇಲು ಮಾಡಿ ಕೂರಿಸಿದರೆ ಎಡದ ಮೂಗು ಬಲಕ್ಕೆ ಬಂತಲ್ಲ! ಮುರುಗೇಶ ಸ್ಪ್ಯಾನರ್ ಕೆಳಗಿಟ್ಟ.

"ಬೇಡಣ್ಣ. ಒಳಗಿನ ಹಲ್ಲುಚಕ್ರ ಆ ಕಡೆ ಹೋಗ್ಬಿಡುತ್ತೆ. ಗಾಡಿ ಉಲ್ಟಾ ಓಡುತ್ತೆ."

"ಲೋ, ನೊಗಾನ ಬುಡಮೇಲು ಕಟ್ಟಿದ್ರೆ ಎತ್ತು ಹಿಂದಕ್ಕೆ ನಡೀತಾವೇನೋ?"

"ಎತ್ತಿಗೆ ಕಣ್ಣಿದೆ ಅಣ್ಣ. ಇದಕ್ಕಿಲ್ಲ."

"ಏಳನೇ ಕ್ಲಾಸಲ್ಲಿ ಸ್ಕೂಲಿಗೇ ಫಸ್ಟ್ ಬಂದವನು ಕಣೋ ನಾನು."

"ಎಷ್ಟು ಜನ ಇದ್ರಿ?"

ಇಬ್ಬರು. ಹೇಳಲಿಲ್ಲ.

ಕೊನೆಗೆ ಎಣ್ಣೆ ಮೆತ್ತಿದ ಗ್ಯಾರೇಜಿನ ನೋಟ್‌ಬುಕ್ ತಂದು ಮುಂದಿಟ್ಟ. "ನೀವು ಹೇಳಿದ್ದಕ್ಕೇ ಮಾಡಿದ್ದು ಅಂತ ಬರೀರಿ. ನಾಳೆ ಮಾವಳ್ಳಿ ಪೂರ್ತಿ ನನ್ನ ನೋಡಿ ನಗಬಾರ್ದು." ಬರೆದೆ. ಕೆಳಗೆ ಎರಡು ಗೆರೆ ಎಳೆದು ದೊಡ್ಡ ಸಹಿ ಹಾಕಿದೆ. ವೆಲ್ಡಿಂಗ್ ಶುರುವಾಯಿತು.

೧ ಮಾರ್ಚ್, ಗುರುವಾರ. ಸಂಜೆ

ಬರೆಯುವುದಕ್ಕೂ ಬೇಸರ.

ಗಾಡಿ ಕಲ್ಲಿನಿಂದ ಇಳಿಯಿತು. ತೆಂಗಿನಕಾಯಿ ಒಡೆದೆ. ಒಂದನೇ ಗೇರು ಹಾಕಿ ಕ್ಲಚ್ ಬಿಟ್ಟೆ — ಹಿಂದಕ್ಕೆ ಹಾರಿತು. ಹಿಂದಿದ್ದ ನೀರಿನ ಡ್ರಮ್ಮು ಉರುಳಿ ಬೀದಿಗೆ ಬಿತ್ತು. ಕೈ ತಪ್ಪಿರಬೇಕೆಂದು ಎರಡನೇ ಗೇರು ಹಾಕಿದೆ. ಇನ್ನೂ ಜೋರಾಗಿ ಹಿಂದಕ್ಕೆ. ರಿವರ್ಸ್ ಹಾಕಿದರೆ ಮಾತ್ರ ಮುಂದಕ್ಕೆ. ಅಂದರೆ ಮೂರು ಗೇರು ಹಿಂದಕ್ಕೆ, ಒಂದೇ ಒಂದು ಮುಂದಕ್ಕೆ. ಅದೂ ನಡಿಗೆಯ ವೇಗ.

ಮುರುಗೇಶ ನೋಟ್‌ಬುಕ್ಕನ್ನು ಮೆಲ್ಲಗೆ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಅದಕ್ಕಿಂತ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು.

ಕತ್ತರಿಸಿ ಮತ್ತೆ ವೆಲ್ಡ್ ಮಾಡಲು ನಾಲ್ಕು ದಿನ ಬೇಕಂತೆ. ಇರುವುದು ಎರಡು.

೨ ಮಾರ್ಚ್, ಶುಕ್ರವಾರ

ಟ್ಯಾಕ್ಸಿ ಮಾಡೋಣ ಎಂದಳು ಮನೆಯವಳು. ಭಾವನ ಮುಂದೆ ಟ್ಯಾಕ್ಸಿಯೇ? ಅಕ್ಕನ ಮನೆಯಿಂದ ಛತ್ರಕ್ಕೆ ಎರಡು ಮೈಲಿಯೂ ಇಲ್ಲ. ರಿವರ್ಸ್ ಗೇರಿನಲ್ಲೇ ಮುಂದಕ್ಕೆ ಹೋದರಾಯಿತು. ನಿಧಾನ ಯಾಕೆ ಎಂದು ಯಾರೂ ಕೇಳಬಾರದು. ಅದಕ್ಕೂ ದಾರಿ ಹುಡುಕಿದೆ: ಗಾಡಿಯ ಮುಂದೆ ವಾಲಗ. ನಾಲ್ಕು ಜನ, ಎರಡು ಡೋಲು. ಮೆರವಣಿಗೆ ಎಂದರೆ ನಿಧಾನವಾಗಿಯೇ ಹೋಗಬೇಕಲ್ಲ! ಇಂಥ ತಲೆ ಎಷ್ಟು ಜನರಿಗಿದೆ?

೪ ಮಾರ್ಚ್, ಭಾನುವಾರ. ಬೆಳಿಗ್ಗೆ ೫, ಛತ್ರ

ಅಡುಗೆಯವರು ಎದ್ದಿದ್ದಾರೆ. ಉಳಿದವರು ಮಲಗಿದ್ದಾರೆ. ನಿನ್ನೆಯದನ್ನು ಬರೆದು ಮುಗಿಸಿಬಿಡುತ್ತೇನೆ.

ಮೊದಲ ಅರ್ಧ ಗಂಟೆ ರಾಜಮರ್ಯಾದೆ. ಹೂವಿನ ಗಾಡಿ, ಹಿಂದೆ ಕೆಂಪು ರೇಷ್ಮೆಯಲ್ಲಿ ವಾಣಿ. ಬೀದಿಯ ಜನ ಬಾಗಿಲಿಗೆ ಬಂದರು. ಭಾವನೂ ಮುಂದಿನ ಸೀಟಿನಲ್ಲಿ ಕೂತು ಕೈ ಬೀಸಿದರು! ರಿವರ್ಸ್ ಗೇರಿನ ಊಳನ್ನು ವಾಲಗ ನುಂಗಿಹಾಕಿತು.

ಆದರೆ ವಾಲಗದವರು ಗಾಡಿಗಿಂತ ನಿಧಾನ. ಯಾರಾದರೂ ಹತ್ತು ರೂಪಾಯಿ ತೋರಿಸಿದರೆ ಅಲ್ಲೇ ನಿಂತು ಇನ್ನೊಂದು ಬಾರಿಸುತ್ತಾರೆ. ನಾನು ಕ್ಲಚ್ ಅರ್ಧ ತುಳಿದು, ಬಿಟ್ಟು, ತುಳಿದು… ಬಸವನಗುಡಿಯ ಏರಿನಲ್ಲಿ ಸುಟ್ಟ ವಾಸನೆ ಬಂತು. ಆಮೇಲೆ ಹೊಗೆ. ಆಮೇಲೆ ಎಂಜಿನ್ನು ಗರ್ಜಿಸಿತು, ಗಾಡಿ ಅಲುಗಲಿಲ್ಲ. ಅಲುಗಲಿಲ್ಲ ಎಂದರೆ ಸುಳ್ಳು. ಇಳಿಜಾರಿನಲ್ಲಿ ಹಿಂದಕ್ಕೆ ಜಾರಿತು. ಬ್ರೇಕ್ ಒತ್ತಿ ಹಿಡಿದೆ.

ಭಾವ ನನ್ನತ್ತ ತಿರುಗಿದರು. "ಗೇರ್ ಹಾಕಯ್ಯಾ!"

"ಹಾಕಿದ್ರೆ ಇನ್ನೂ ಹಿಂದಕ್ಕೆ ಹೋಗುತ್ತೆ ಭಾವ."

ಅವರು ಗೇರಿನ ಕಡ್ಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

ವಾಣಿ ಸೀರೆ ಎತ್ತಿಕೊಂಡು ತಾನೇ ಇಳಿದಳು. ಆಟೋ ನಿಲ್ಲಿಸಿದಳು. "ಮಾವ, ನೀವೂ ಬನ್ನಿ. ಗಾಡೀನ ಯಾರೂ ಕದಿಯಲ್ಲ. ಕದ್ರೂ ವಾಪಸ್ ನಿಮ್ಮನೇಗೇ ಬರುತ್ತೆ." ಆಟೋದವನೂ ನಕ್ಕ. ಹುಡುಗಿ ನಗುತ್ತಲೇ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡಳು. ನನಗೆ ನಗು ಬರಲಿಲ್ಲ.

ಇವತ್ತು ಮುಹೂರ್ತ. ಬಳೆ ಇಲ್ಲ.

೬ ಮಾರ್ಚ್, ಮಂಗಳವಾರ

ಹುಡುಗಿ ಗಂಡನ ಮನೆಗೆ ಹೋದಳು. ಗಾಡಿಯನ್ನು ಹಗ್ಗ ಕಟ್ಟಿ ಮಾವಳ್ಳಿಗೆ ಎಳೆಸಿದೆ. ಮುರುಗೇಶ ಕ್ಲಚ್ಚಿನ ರೇಟು ಹೇಳಿದ. ಕೇಳಿಸಿಕೊಂಡೆ.

ಮೊನ್ನೆಯ ಮುಹೂರ್ತಕ್ಕೆ ವಾಣಿಯನ್ನು ಕೈ ಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು. ಕರೆತಂದೆ. ಹಿಡಿದ ಮುಂಗೈ ತುಂಬ ಬರೀ ಹಸಿರು ಗಾಜಿನ ಬಳೆ. ಮುಯ್ಯಿ ಬರೆಯುವವನು ಗಟ್ಟಿಯಾಗಿ ಓದಿದ: "ಸೋದರಮಾವ ನಾರಾಯಣಪ್ಪ, ಐನೂರ ಒಂದು." ಭಾವ ಪಕ್ಕದಲ್ಲೇ ಇದ್ದರು. ಚುಚ್ಚಲಿಲ್ಲ. "ಊಟಕ್ಕೆ ಬಾಯ್ಯಾ" ಎಂದರು, ಅಷ್ಟೇ.

ಇವತ್ತು ಮನೆಯವಳು ತಟ್ಟೆ ಇಟ್ಟು ಎದುರಿಗೆ ಕೂತಳು.

"ಕಬ್ಬಿಣಕ್ಕೆ ನಾಲ್ಕು ಸಾವಿರ ಅಂದ್ರಿ. ಬಳೆ ದುಡ್ಡು ಮಿಕ್ಕಿದ್ದು ಎಲ್ರೀ?"

"ಬ್ಯಾಂಕಲ್ಲಿದೆ. ಹಬ್ಬಕ್ಕೆ ಮಾಡಿಸಿದ್ರಾಯ್ತು."

"ನಿಜ ಹೇಳಿ."

"ಸ್ವಲ್ಪ ಜಾಸ್ತಿ ಆಯ್ತು. ಆರು ಅಂದ್ಕೋ."

ಎದ್ದು ಒಳಗೆ ಹೋದಳು. ಅನ್ನ ಆರಿತು.

ಆರಲ್ಲ. ಹದಿನಾಲ್ಕೂ ಅಲ್ಲ. ಹೌಸಿಂಗು, ಚಕ್ರ, ಲೇತು, ವೆಲ್ಡಿಂಗು, ವಾಲಗ ಎಲ್ಲ ಸೇರಿ ಬಳೆಯ ಇಪ್ಪತ್ತೈದು ಸಾವಿರವೂ ಮುಗಿದು, ಮನೆಯವಳ ಚೀಟಿ ದುಡ್ಡಿಗೂ ಕೈ ಹಾಕಿದ್ದೇನೆ. ಇದು ಅವಳಿಗೆ ಗೊತ್ತಿಲ್ಲ. ಇಲ್ಲಾದರೂ ಸರಿಯಾಗಿ ಬರೆಯಬೇಕು.

ಮೂವತ್ತೊಂದು ಸಾವಿರದ ನಾನೂರು.