ಬೆಟ್ಟದ ಅಳತೆಗೆ ನಿಂತವಳಿಗೆ

ಪ್ರೀತಿಯ ಅಕ್ಕ,

ನೀನಿಲ್ಲದ ಮೊದಲ ಫೋಟೊಗ್ರಫಿ ಶಿಬಿರ ಮುಗಿಸಿ ಬಂದಿದ್ದೇನೆ. ಮುಗಿಸಿದೆ ಎನ್ನುವುದಕ್ಕಿಂತ ಹೇಗೋ ದಾಟಿಸಿದೆ ಎನ್ನಬೇಕು. ಎಂದಿನ ಹಾಗೆ ಬೆಳಕು ಹರಿಯುವ ಮೊದಲೇ ಎಲ್ಲರನ್ನೂ ಬಯಲಿಗೆ ಕರೆದೊಯ್ದೆ. ಟ್ರೈಪಾಡ್ ನಿಲ್ಲಿಸಿದರು. ಮುಂದೆ ಹುಲ್ಲು, ನಡುವೆ ನೀರು, ಹಿಂದೆ ಬೆಟ್ಟ ಎಂದು ಹಳೆಯ ಪಾಠ ಒಪ್ಪಿಸಿದೆ. ಆಮೇಲೆ ಅಭ್ಯಾಸಬಲದಿಂದ ಆ ದೂರದ ಬಂಡೆಯ ಕಡೆ ಕೈಯೆತ್ತಿ ಬೀಸಿಬಿಟ್ಟೆ. ಎತ್ತಿದ ಕೈಯನ್ನು ಹೇಗೆ ಇಳಿಸಬೇಕೆಂದು ತಿಳಿಯಲಿಲ್ಲ.

ಆ ಬಂಡೆ ನಿನ್ನದಾಗಿತ್ತು. ಚಿತ್ರದಲ್ಲಿ ಒಬ್ಬ ಮನುಷ್ಯ ಇದ್ದರೆ ಮಾತ್ರ ಬೆಟ್ಟದ ಎತ್ತರ ತಿಳಿಯುತ್ತದೆ ಎಂದು ನಾನು ಕಲಿಸುವುದು, ಆ ಮನುಷ್ಯ ನೀನಾಗುವುದು. ಕೆಂಪು ಕೊಡೆ ಹಿಡಿದು, ಕೆಸರು ತುಳಿದು, ನನ್ನನ್ನು ಬೈಯುತ್ತಲೇ ಹೋಗುತ್ತಿದ್ದವಳು ನೀನು. "ಇನ್ನೂ ದೂರ ಹೋಗು ಅಕ್ಕ, ಇನ್ನೂ ದೂರ" ಎಂದು ನಾನು ಇಲ್ಲಿಂದ ಕಿರುಚಿದರೆ, "ಇನ್ನೆಷ್ಟು ದೂರ ಹೋಗ್ಲೋ, ಬೆಟ್ಟದ ಆಚೆ ಇಳಿದುಬಿಡ್ಲಾ?" ಎಂದು ನೀನು ಅಲ್ಲಿಂದ. ವಾಪಸು ಬಂದು ಫ್ಲಾಸ್ಕಿನಲ್ಲಿದ್ದ ನನ್ನ ಪಾಲಿನ ಚಹಾವನ್ನೂ ನೀನೇ ಕುಡಿದು ಮುಗಿಸುತ್ತಿದ್ದೆ.

ನಿನ್ನ ಮುಖದ ಫೋಟೊ ಮಾತ್ರ ಯಾರೂ ತೆಗೆಯಲಿಲ್ಲ ನೋಡು. ಕ್ಯಾಮೆರಾ ಹತ್ತಿರ ತಂದರೆ ಸಾಕು, "ಬೆಟ್ಟ ತೆಗಿ ಹೋಗೋ" ಎಂದು ಕೊಡೆ ಅಡ್ಡ ಹಿಡಿಯುತ್ತಿದ್ದೆ. ಮದುವೆಯ ಆಲ್ಬಂ ನಿನ್ನನ್ನು ಬಿಟ್ಟುಹೋದವನ ಜೊತೆಗೇ ಹೋಯಿತು. ಆ ಹಾಳು ಜ್ವರ ನಿನ್ನನ್ನು ಕೊಂಡೊಯ್ದ ಮೇಲೆ ಉಳಿದದ್ದು ಗುರುತಿನ ಚೀಟಿಯ ಫೋಟೊ ಒಂದೇ. ಅದರಲ್ಲಿ ನೀನು ಸರ ಕದ್ದು ಸಿಕ್ಕಿಬಿದ್ದವಳ ಹಾಗಿದ್ದೀಯ. ನಿನ್ನ ಮಗಳು ನೋಡಿ, "ಇದು ಅಮ್ಮ ಅಲ್ಲ" ಎಂದು ತಳ್ಳಿಬಿಟ್ಟಳು. ಅವಳಿಗಿನ್ನೂ ನಾಲ್ಕು ತುಂಬಿಲ್ಲ. ನಿನ್ನ ಮುಖ ದಿನಕ್ಕಿಷ್ಟು ಅವಳಿಂದ ಜಾರಿಹೋಗುತ್ತಿದೆ. ಕನ್ನಡಿಯ ಮುಂದೆ ನಿಂತು, "ಅಮ್ಮನ ಮೂಗು ಹೀಗಿತ್ತಾ?" ಎಂದು ಕೇಳುತ್ತಾಳೆ. ಮೂಗನ್ನು ಮಾತಿನಲ್ಲಿ ಹೇಗೆ ಹೇಳಲಿ ಅಕ್ಕ?

ಹಲ್ಲಿನ ಡಾಕ್ಟರು ಈ ಸಲವೂ ಬಂದಿದ್ದರು. ನಮ್ಮ ಹಳೆಯ ಶಿಷ್ಯರು, ಲೆನ್ಸ್ ಒರೆಸಿ ಒರೆಸಿಯೇ ಸೂರ್ಯೋದಯ ಕಳೆದುಕೊಳ್ಳುವವರು. "ಕೆಂಪು ಕೊಡೆಯವರು ಬರಲಿಲ್ವಾ ಸಾರ್? ಅವರಿಲ್ದೆ ಬೆಟ್ಟ ಎಷ್ಟು ದೊಡ್ಡದು ಅಂತಾನೇ ಗೊತ್ತಾಗ್ತಿಲ್ಲ" ಎಂದರು. ನೀನು ಹೋದದ್ದನ್ನು ಹೇಳಿದೆ. ಅವರು ಮೆಲ್ಲಗೆ, ಹೋದ ಸಲ ಗಾಳಿಗೆ ಕೊಡೆ ಮಗುಚಿದಾಗ ನೀನು ಈ ಕಡೆ ತಿರುಗಿ ನಕ್ಕಿದ್ದೆ, ಅದನ್ನು ತಾವು ತೆಗೆದಿರುವುದಾಗಿ ಹೇಳಿದರು. ನನಗೆ ಹೋದ ಜೀವ ಬಂದಂತಾಯಿತು. ಪಾಠ ಅಲ್ಲೇ ಬಿಟ್ಟು ಅವರನ್ನು ವಸತಿಗೃಹಕ್ಕೆ ಎಳೆದುಕೊಂಡು ಹೋದೆ.

ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿದೆವು. ಮತ್ತೂ ದೊಡ್ಡದು. ಮುಂದಿನ ಹುಲ್ಲಿನ ಮೇಲೆ ಇಬ್ಬನಿಯ ಒಂದೊಂದು ಹನಿಯೂ ಕಾಣುತ್ತಿತ್ತು. ನಿನ್ನ ಮುಖದ ಜಾಗದಲ್ಲಿ ಕಂದು ಬಣ್ಣದ ನಾಲ್ಕಾರು ಚೌಕಗಳಿದ್ದವು. "ಫೋಕಸ್ ಹುಲ್ಲಿಗೆ ಇಟ್ಟಿದ್ದೆ ಸಾರ್, ನೀವು ಹೇಳಿದ ಹಾಗೇನೇ" ಎಂದು ಡಾಕ್ಟರು ಕಣ್ಣೊರೆಸಿಕೊಂಡರು. ಪಾಪ, ಅವರದೇನೂ ತಪ್ಪಿಲ್ಲ.

ಆದರೂ ಅದನ್ನೇ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಮನೆಗೆ ತಂದೆ. ನಿನ್ನ ಮಗಳು ನೆಲದ ಮೇಲೆ ಹರಡಿ, ಬೆಟ್ಟ, ನೀರು, ಹುಲ್ಲು ಎಲ್ಲದರ ಮೇಲೂ ಬೆರಳಾಡಿಸಿ ಕೊನೆಗೆ ಕೆಂಪು ಚುಕ್ಕೆಯ ಮೇಲಿಟ್ಟಳು. "ಅಮ್ಮ!" ಗುರುತು ಹಿಡಿದಳಲ್ಲ ಎಂದು ಅವಳ ಪಕ್ಕ ಕೂತೆ. ಅಷ್ಟರಲ್ಲಿ ಹೆಬ್ಬೆರಳು ತೋರುಬೆರಳನ್ನು ಒಂದಿಷ್ಟೇ ಅಗಲಿಸಿ ನನಗೆ ತೋರಿಸಿ ಕೇಳಿದಳು, "ಅಮ್ಮ ಇಷ್ಟೇ ಇದ್ಳಲ್ವಾ ಮಾಮ?"

ಇಲ್ಲ ಪುಟ್ಟಿ ಎಂದೆ. ನೀನು ಎಷ್ಟಿದ್ದೆ ಎಂದು ತೋರಿಸಲು ಕೈಯೆತ್ತಿದೆ. ಅವಳು ಆಗಲೇ ಆಟಕ್ಕೆ ಓಡಿಹೋಗಿದ್ದಳು.

ಎಲ್ಲಿದ್ದರೂ ಬೆಚ್ಚಗಿರು. ಇನ್ನು ದೂರ ಹೋಗಬೇಡ ಅಕ್ಕ, ಸಾಕು.

ಇಲ್ಲಿಂದ ಕಿರುಚುತ್ತಿದ್ದ,
ನಿನ್ನ ತಮ್ಮ